ಕೆಥೆಡ್ರಲ್ ಪಾಯಕ್ಕೆ ಡೈವರ್ ಯಾಕೆ ಬೇಕಾಯಿತು? ವಿಂಚೆಸ್ಟರ್ ಬಗ್ಗೆ ಒಂದು ಉತ್ತರ

ಪ್ರಶ್ನೆ: ಫೆಬ್ರವರಿಯಲ್ಲಿ ಸೌತಾಂಪ್ಟನ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಪಕ್ಕದ ವಿಂಚೆಸ್ಟರ್‌ಗೆ ಒಂದು ದಿನ ಹೋಗಿಬರುವ ಆಲೋಚನೆ ಇದೆ. ಅಲ್ಲಿನ ಕೆಥೆಡ್ರಲ್ ಕುಸಿಯುವುದನ್ನು ಒಬ್ಬ ಡೈವರ್ ವರ್ಷಗಟ್ಟಲೆ ನೀರಿನಲ್ಲಿ ಮುಳುಗಿ ತಪ್ಪಿಸಿದ ಎಂದು ಓದಿದೆ. ನಾನು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನು. ಪಾಯ ತೆಗೆಯುವಾಗ ನೀರು ಬಂದರೆ ಪಂಪ್ ಹಚ್ಚಿ ಖಾಲಿ ಮಾಡಿ ಕಟ್ಟುತ್ತೇವೆ. ಇದರಲ್ಲಿ ಡೈವರ್‌ಗೇನು ಕೆಲಸ? ನಿಜವೇ ಆಗಿದ್ದರೆ ಹೇಗೆ ಮಾಡಿದರು? ಈಗ ಹೋದರೆ ಅದರ ಗುರುತು ಏನಾದರೂ ಕಾಣುತ್ತದೆಯೇ? ಊರಲ್ಲಿ ಬೇರೆ ಏನು ನೋಡಬೇಕು? (ಓದುಗರೊಬ್ಬರು, ದಾವಣಗೆರೆ)

ಉತ್ತರ: ನಿಜ. ಡೈವರ್ ಹೆಸರು ವಿಲಿಯಂ ವಾಕರ್. ಕೆಲಸ ನಡೆದದ್ದು 1906ರಿಂದ 1911ರವರೆಗೆ. ಪಂಪ್ ಹಚ್ಚುವ ಯೋಚನೆ ಅಲ್ಲಿನ ಎಂಜಿನಿಯರ್‌ಗೂ ಬಂದಿತ್ತು, ಆದರೆ ಅದೇ ಅಪಾಯ ಎಂದು ಕೈಬಿಟ್ಟರು. ಯಾಕೆ ಅಪಾಯ ಎಂಬುದು ಗೊತ್ತಾಗಬೇಕಾದರೆ ಕೆಥೆಡ್ರಲ್‌ಗಿಂತ ಮೊದಲು ಅದರ ಕೆಳಗಿನ ಮಣ್ಣನ್ನು ನೋಡಬೇಕು.

ವಿಂಚೆಸ್ಟರ್ ಸುತ್ತ ಸೀಮೆಸುಣ್ಣದ ಗುಡ್ಡಗಳಿವೆ. ನಡುವಿನ ಕಣಿವೆಯಲ್ಲಿ ಇಚಿನ್ ಎಂಬ ನದಿ ಹರಿಯುತ್ತದೆ. ಸುಣ್ಣದ ಬಂಡೆ ಸ್ಪಂಜಿನ ಹಾಗೆ ಮಳೆನೀರು ಹೀರಿಕೊಂಡು, ತಿಂಗಳುಗಟ್ಟಲೆ ಇಟ್ಟುಕೊಂಡು, ಕಣಿವೆಯ ತಳದಲ್ಲಿ ಒಸರುತ್ತದೆ. ಸಾವಿರಾರು ವರ್ಷ ಹೀಗೆ ಒಸರಿದ ಜಾಗದಲ್ಲಿ ಜೌಗು ಹುಟ್ಟಿತು. ಜೌಗಿನಲ್ಲಿ ಬಿದ್ದ ಹುಲ್ಲು, ಬೇರು, ಮರ ಗಾಳಿ ತಾಗದೆ ಅರೆಬರೆ ಕೊಳೆತು ಕಪ್ಪು ಪದರವಾಯಿತು. ಅದೇ ಪೀಟ್. ಒದ್ದೆಯಾಗಿರುವಷ್ಟು ದಿನ ಅದು ತಕ್ಕಮಟ್ಟಿಗೆ ಭಾರ ಹೊರುತ್ತದೆ. ನೀರು ತೆಗೆದಿರೋ, ಹಿಂಡಿದ ಬಟ್ಟೆಯ ಹಾಗೆ ಕುಗ್ಗುತ್ತದೆ. ಅದರಡಿ ಗಟ್ಟಿ ಜಲ್ಲಿಯ ಪದರ ಸಿಗುತ್ತದೆ.

ಕೆಥೆಡ್ರಲ್ ನಿಂತಿರುವುದು ಈ ಕಣಿವೆಯ ತಗ್ಗಿನಲ್ಲಿ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಬಿಷಪ್ ವಾಕೆಲಿನ್ 1079ರಲ್ಲಿ ಇದನ್ನು ಶುರು ಮಾಡಿದ. 1093ರಲ್ಲಿ ಪೂರ್ವಭಾಗ ಬಳಕೆಗೆ ಬಂತು. ಕಲ್ಲು ತಂದದ್ದು ದಕ್ಷಿಣ ಕಡಲಿನ ವೈಟ್ ದ್ವೀಪದ ಕ್ವಾರ್ ಎಂಬಲ್ಲಿಂದ. ಈಗ ಉದ್ದ ಸುಮಾರು 170 ಮೀಟರ್. ಮಧ್ಯಯುಗದ ಕೆಥೆಡ್ರಲ್‌ಗಳಲ್ಲಿ ಯುರೋಪಿನಲ್ಲೇ ಉದ್ದದ ಸಾಲಿಗೆ ಸೇರುತ್ತದೆ. ಇಷ್ಟು ದೊಡ್ಡ ಕಟ್ಟಡಕ್ಕೆ ಎತ್ತರದ ಒಣಜಾಗ ಬಿಟ್ಟು ಜೌಗು ಯಾಕೆ ಆರಿಸಿಕೊಂಡರು? ಅದು ಆರಿಸಿಕೊಂಡ ಜಾಗವೇ ಅಲ್ಲ. ಸುಮಾರು 648ರಿಂದ ಅಲ್ಲೊಂದು ಸ್ಯಾಕ್ಸನ್ ಚರ್ಚ್ ಇತ್ತು, ಹೆಸರು ಓಲ್ಡ್ ಮಿನ್‌ಸ್ಟರ್. ಅಲ್ಲಿ ಸಂತ ಸ್ವಿದನ್‌ನ ಸಮಾಧಿ ಇತ್ತು, ರಾಜರ ಗೋರಿಗಳಿದ್ದವು. ಕ್ಷೇತ್ರವನ್ನು ಎತ್ತಿ ಇನ್ನೊಂದು ಕಡೆ ಇಡಲು ಆಗುವುದಿಲ್ಲ. ಹೊಸ ಕಟ್ಟಡವನ್ನು ಹಳೆಯದರ ಮಗ್ಗುಲಿಗೇ ಎಬ್ಬಿಸಿ, ಅದು ಬಳಕೆಗೆ ಬಂದ ಕೂಡಲೇ ಹಳೆಯದನ್ನು ಕೆಡವಿದರು.

ಆದರೆ ವಾಕರ್ ಮುಖ್ಯವಾಗಿ ಸೆಣಸಿದ್ದು ವಾಕೆಲಿನ್ ಕಟ್ಟಿದ ಭಾಗದ ಜೊತೆ ಅಲ್ಲ. 1202ರ ಸುಮಾರಿಗೆ ಬಿಷಪ್ ಗಾಡ್‌ಫ್ರಿ ಡಿ ಲೂಸಿ ಕೆಥೆಡ್ರಲ್ಲನ್ನು ಪೂರ್ವಕ್ಕೆ ಬೆಳೆಸಿದ. ಸಂತನ ದರ್ಶನಕ್ಕೆ ಬರುವವರ ಗುಂಪು ದೊಡ್ಡದಾಗಿತ್ತು, ಪೀಠದ ಹಿಂದೆ ಜಾಗ ಬೇಕಿತ್ತು. ಈ ಹಿಂಭಾಗಕ್ಕೆ ರೆಟ್ರೊಕ್ವಾಯರ್ ಎನ್ನುತ್ತಾರೆ. ಅಲ್ಲಿ ಪಾಯ ಜಲ್ಲಿವರೆಗೆ ಇಳಿಯಲೇ ಇಲ್ಲ. ನೀರಿನ ಮಟ್ಟ ಸಿಕ್ಕ ಕಡೆ ನಿಲ್ಲಿಸಿ, ಬೀಚ್ ಮರದ ದಿಮ್ಮಿಗಳನ್ನು ಮಲಗಿಸಿ, ಅದರ ಮೇಲೆ ಅಡ್ಡಡ್ಡ ಇನ್ನೊಂದು ವರಸೆ ಹಾಕಿ, ಆ ತೆಪ್ಪದ ಮೇಲೆ ಗೋಡೆ ಎಬ್ಬಿಸಿದರು. ಇದನ್ನು ಕೇಳಿ ನಗುವುದು ಸುಲಭ. ಕೈಪಂಪು, ಬಕೆಟ್ಟುಗಳ ಕಾಲದಲ್ಲಿ ನೀರಿನ ಮಟ್ಟದಿಂದ ಕೆಳಗೆ ಅಗೆಯುವುದೇ ಆಗದ ಮಾತು. ನೀರಿನಲ್ಲಿ ಮುಳುಗಿದ ಮರಕ್ಕೆ ಗಾಳಿ ಸಿಗದ ಕಾರಣ ಕೊಳೆಯುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು. ಏಳುನೂರು ವರ್ಷ ಕಳೆದ ಮೇಲೂ ದಿಮ್ಮಿ ಹಾಗೇ ಇತ್ತು. ಕೈಕೊಟ್ಟದ್ದು ಅದರ ಕೆಳಗಿನ ಪೀಟ್. ಅದು ಮೆಲ್ಲಗೆ ಹಿಂಡಿಕೊಳ್ಳುತ್ತಾ, ಒಂದು ಕಡೆ ಜಾಸ್ತಿ ಇನ್ನೊಂದು ಕಡೆ ಕಡಿಮೆ ಕುಸಿಯುತ್ತಾ, ಗೋಡೆಯನ್ನು ಹೊರಕ್ಕೆ ವಾಲಿಸಿತು.

1905ರ ಹೊತ್ತಿಗೆ ಗೋಡೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಮೇಲಿನಿಂದ ಕಲ್ಲಿನ ಚೂರು ಉದುರತೊಡಗಿತು. ವಾಸ್ತುಶಿಲ್ಪಿ ಥಾಮಸ್ ಜಾಕ್ಸನ್ ಬಂದು ನೋಡಿದರು. ಇದು ತಮ್ಮೊಬ್ಬರಿಂದ ಆಗುವ ಮಾತಲ್ಲ ಎಂದು ಎಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಅವರನ್ನು ಕರೆಸಿದರು. ಗೋಡೆ ಪಕ್ಕ ಪರೀಕ್ಷೆಗೆ ಗುಂಡಿ ತೆಗೆದಾಗ ಮೇಲೆ ತುಂಬಿದ ಮಣ್ಣು, ಕೆಳಗೆ ಸುಣ್ಣ ಬೆರೆತ ಜೇಡಿ, ಅದರಡಿ ಸುಮಾರು ಎರಡೂವರೆ ಮೀಟರ್ ಪೀಟ್, ಕಡೆಗೆ ಜಲ್ಲಿ ಸಿಕ್ಕಿತು. ಪೀಟ್ ಪದರ ಒಂದು ಮುಚ್ಚಳದ ಹಾಗೆ ಜಲ್ಲಿಯೊಳಗಿನ ನೀರನ್ನು ಅದುಮಿ ಹಿಡಿದಿತ್ತು. ಅದನ್ನು ತೂತು ಮಾಡಿದ್ದೇ ತಡ, ನೀರು ಗುಂಡಿಗೆ ಉಕ್ಕಿ ಬಂತು.

ನೀವು ಕೇಳಿದ ಪಂಪಿನ ಪ್ರಶ್ನೆ ಎದ್ದದ್ದು ಇಲ್ಲಿ. ಬಯಲಿನಲ್ಲಿ ಹೊಸ ಕಟ್ಟಡಕ್ಕೆ ಪಾಯ ತೆಗೆಯುವಾಗ ಪಂಪ್ ಹಚ್ಚಿದರೆ ಸುತ್ತಲಿನ ಮಣ್ಣು ಒಂದಿಷ್ಟು ಕುಗ್ಗೀತು, ಹೋಗುವುದೇನೂ ಇಲ್ಲ. ಇಲ್ಲಿ ಆಗಲೇ ವಾಲಿ, ಬಿರುಕು ಬಿಟ್ಟು, ಸಾವಿರಾರು ಟನ್ ತೂಕದ ಗೋಡೆ ಅದೇ ಮಣ್ಣಿನ ಮೇಲೆ ನಿಂತಿದೆ. ನೀರು ಎಳೆದರೆ ಎರಡು ಕೆಡುಕು. ಒಂದು, ರಂಧ್ರಗಳಲ್ಲಿದ್ದ ನೀರು ಹೊರುತ್ತಿದ್ದ ಪಾಲಿನ ಭಾರವೂ ಪೀಟಿನ ಮೇಲೇ ಬಿದ್ದು ಅದು ಇನ್ನಷ್ಟು ಹಿಂಡಿಕೊಳ್ಳುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಹರಿದು ಬರುವ ನೀರು ನಯವಾದ ಮರಳು, ಮೆಕ್ಕಲನ್ನು ಜೊತೆಗೇ ಎಳೆದು ತರುತ್ತದೆ. ಗುಂಡಿಯಲ್ಲಿ ಕಾಣುವುದು ಕೆಸರುನೀರು, ಗೋಡೆಯಡಿ ಆಗುವುದು ಪೊಳ್ಳು. ಆದ್ದರಿಂದ ನೀರನ್ನು ಮುಟ್ಟದೆ, ನೀರಿನೊಳಗೇ ಕೆಲಸ ಮಾಡಬೇಕು ಎಂದು ಫಾಕ್ಸ್ ತೀರ್ಮಾನಿಸಿದರು. ಮುಳುಗು ಉಡುಪು ತಯಾರಿಸುತ್ತಿದ್ದ ಸೀಬೆ ಗಾರ್ಮನ್ ಕಂಪನಿಯ ಅನುಭವಿ ಡೈವರ್ ವಾಕರ್ ಬಂದದ್ದು ಹೀಗೆ.

ಡೈವರ್ ಇಳಿಯುವ ಮೊದಲೇ ಬಹಳ ಕೆಲಸ ಆಗಬೇಕಿತ್ತು. ಕಥೆ ಹೇಳುವವರು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತಾರೆ. ಬಿರುಕು ಬಿಟ್ಟ ಗೋಡೆಯಡಿ ಅಗೆದರೆ ಅದು ಬಿರುಕಿನ ಜಾಗದಲ್ಲೇ ಬೇರ್ಪಟ್ಟು ಬೀಳುತ್ತದೆ. ಹಾಗಾಗಿ ಮೊದಲು ಹೊರಗಿನಿಂದ ದೊಡ್ಡ ತೊಲೆಗಳ ಊರೆ ಕೊಟ್ಟರು. ಒಳಗೆ ಕಮಾನುಗಳಿಗೆ ಮರದ ಆಸರೆ ಕಟ್ಟಿದರು. ಗೋಡೆಗೋಡೆಗೆ ಉಕ್ಕಿನ ಸಲಾಕೆ ಬಿಗಿದರು. ಆಮೇಲೆ ಬಿರುಕುಗಳ ಸರದಿ. ಗಾಳಿ ಊದಿ ಧೂಳು ತೆಗೆದು, ನೀರು ಬಿಟ್ಟು ತೊಳೆದು, ಬಾಯಿಗೆ ಜೇಡಿಮಣ್ಣು ಮೆತ್ತಿ, ಒತ್ತಡದ ಯಂತ್ರದಿಂದ ಸಿಮೆಂಟ್ ಹಾಲು, ಅಂದರೆ ಗ್ರೌಟ್, ತುಂಬಿದರು. ತುಂಬಿದ್ದು ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಕೊಂಡು ಪೊಳ್ಳು ಉಳಿಯುತ್ತದೆ. ತೊಳೆಯದೆ ತುಂಬಿದರೆ ಒಳಗಿನ ಒಣ ಪುಡಿ ನೀರನ್ನೆಲ್ಲ ಹೀರಿ ಗ್ರೌಟ್ ಅರ್ಧದಾರಿಯಲ್ಲೇ ಗಟ್ಟಿಯಾಗುತ್ತದೆ. ಇವತ್ತಿಗೂ ಹಳೆ ಕಲ್ಲುಕಟ್ಟಡ ಗ್ರೌಟ್ ಮಾಡುವಾಗ ಕೆಡುವುದು ಈ ಎರಡು ಕಾರಣಕ್ಕೇ.

ಇನ್ನು ಅಂಡರ್‌ಪಿನ್ನಿಂಗ್, ಅಂದರೆ ನಿಂತ ಗೋಡೆಯಡಿಗೆ ಹೊಸ ಪಾಯ ಕೊಡುವುದು. ದಕ್ಷಿಣ ಮತ್ತು ಪೂರ್ವ ಬದಿಯ ಗೋಡೆಗುಂಟ ಸುಮಾರು 235 ಗುಂಡಿ ತೋಡಿದರು. ಆಳ ಸುಮಾರು ಆರು ಮೀಟರ್. ಒಂದರ ಪಕ್ಕ ಒಂದನ್ನು ಒಟ್ಟಿಗೆ ತೆಗೆಯುವ ಹಾಗಿಲ್ಲ, ನಿಮಗೆ ಹೇಳಬೇಕಾಗಿಲ್ಲ. ಗೋಡೆ ಅಷ್ಟಗಲ ಅಂತರದಲ್ಲಿ ನಿಂತೀತು ಎಂಬ ಅಂದಾಜಿನಲ್ಲಿ ಒಂದು ಗುಂಡಿ, ಅದು ಮುಗಿದು ಗಟ್ಟಿಯಾದ ಮೇಲೆ ನಡುವಿನದು. ನೀರಿನ ಮಟ್ಟದವರೆಗೆ ಮಾಮೂಲಿ ಕೂಲಿಯಾಳುಗಳು ಅಗೆದು, ಬದಿಗೆ ಹಲಗೆ ಕೊಟ್ಟು, ಹಳೆಯ ದಿಮ್ಮಿಗಳನ್ನು ಕತ್ತರಿಸಿ ತೆಗೆದರು. ಪೀಟ್ ಕಡಿದು ನೀರು ನುಗ್ಗಿದ ಮೇಲೆ ವಾಕರ್ ಇಳಿಯುತ್ತಿದ್ದರು.

ಉಡುಪಿನ ತೂಕ ಸುಮಾರು 90 ಕಿಲೋ. ತಾಮ್ರದ ಶಿರಸ್ತ್ರಾಣ, ಸೀಸದ ಅಡಿಯ ಬೂಟು, ಮೇಲೆ ಕೈಯಿಂದ ತಿರುಗಿಸುವ ಗಾಳಿಪಂಪು. ತೊಡಲು, ಬಿಚ್ಚಲು ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ ಊಟಕ್ಕೆ ಮೇಲೆ ಬಂದಾಗ ಶಿರಸ್ತ್ರಾಣ ಮಾತ್ರ ತೆಗೆಯುತ್ತಿದ್ದರು. ಪೀಟ್ ಕದಡಿದ ನೀರು ಕಷಾಯದ ಬಣ್ಣ, ಸಾಲದ್ದಕ್ಕೆ ಸುತ್ತ ಶತಮಾನಗಳ ಸ್ಮಶಾನ. ಒಳಗೆ ದೀಪ ಹಿಡಿದರೂ ಏನೂ ಕಾಣದು. ದಿನಕ್ಕೆ ಸುಮಾರು ಆರು ಗಂಟೆ ಅವರು ಮಾಡಿದ್ದೆಲ್ಲ ಕೈಯಿಂದ ತಡವಿ ಮಾಡಿದ ಕೆಲಸ. ಉಳಿದ ಪೀಟನ್ನು ಗೋಡೆಯಡಿಯಿಂದ ಕಿತ್ತು ಮೇಲಕ್ಕೆ ಕಳಿಸುವುದು, ಬೆರಳಿಗೆ ಜಲ್ಲಿ ತಾಗುವವರೆಗೆ ಇಳಿಯುವುದು, ಮೇಲಿನಿಂದ ಇಳಿಬಿಟ್ಟ ಕಾಂಕ್ರೀಟ್ ಚೀಲಗಳನ್ನು ಜಲ್ಲಿಯ ಮೇಲೆ ಒತ್ತಾಗಿ ಜೋಡಿಸುವುದು. ಚೀಲ ಜೋಡಿಸಿದ ಮೇಲೆ ಚಾಕುವಿನಿಂದ ಸೀಳಬೇಕು. ಸೀಳದಿದ್ದರೆ ಒಂದೊಂದು ಚೀಲವೂ ಬೇರೆಬೇರೆ ಉಂಡೆಯಾಗಿ ಉಳಿದು, ಸಂದಿನಲ್ಲಿ ನೀರು ಓಡಾಡುತ್ತದೆ. ಸೀಳಿದರೆ ಮೇಲಿನ ವರಸೆಯ ಕಾಂಕ್ರೀಟ್ ಕೆಳಗಿನದಕ್ಕೆ ಹತ್ತಿಕೊಂಡು ಒಂದೇ ಹಲಗೆಯಾಗುತ್ತದೆ. ಸಡಿಲ ಕಾಂಕ್ರೀಟನ್ನೇ ನೀರಿಗೆ ಸುರಿದಿದ್ದರೆ ಸಿಮೆಂಟ್ ತೊಳೆದುಹೋಗಿ ಬರೀ ಕಲ್ಲುಪುಡಿ ತಳ ಸೇರುತ್ತಿತ್ತು. ಚೀಲ ಬಳಸಿದ್ದು ಅದಕ್ಕೆ.

ಈ ಹಲಗೆ ಗಟ್ಟಿಯಾದ ಮೇಲೆ ಗುಂಡಿಯ ತಳ ಬಿರಡೆ ಹಾಕಿದಂತೆ ಮುಚ್ಚಿಹೋಗುತ್ತದೆ. ಕೆಳಗಿನ ನೀರು ಮೇಲೆ ಬರುವುದಿಲ್ಲ. ಪಂಪ್ ಹಚ್ಚಿದ್ದು ಆಗ. ಈಗ ಖಾಲಿ ಮಾಡುವುದು ಗುಂಡಿಯಲ್ಲಿರುವಷ್ಟೇ ನೀರು, ಕಣಿವೆಯದ್ದಲ್ಲ. ನಿಮ್ಮ ಪ್ರಶ್ನೆಗೆ ಚುಟುಕಾದ ಉತ್ತರ ಬೇಕಿದ್ದರೆ ಇದೇ: ಡೈವರ್ ಪಾಯ ಕಟ್ಟಲಿಲ್ಲ, ಪಂಪ್ ಹಚ್ಚಬಹುದಾದ ಗುಂಡಿಯನ್ನು ಮಾಡಿಕೊಟ್ಟ. ಒಣಗಿದ ಗುಂಡಿಗೆ ಗಾರೆಯವರು ಇಳಿದು ಕಾಂಕ್ರೀಟ್ ಇಟ್ಟಿಗೆ, ಸುಟ್ಟ ಇಟ್ಟಿಗೆಗಳಿಂದ ಹಳೆಗೋಡೆಯ ತಳದವರೆಗೆ ಕಟ್ಟಿ, ಕೊನೆಯ ಸಂದಿಯನ್ನು ಬಿಗಿಯಾಗಿ ತುರುಕಿದರು. ಆ ಕೊನೆಯ ಬೆರಳಗಲ ಸಡಿಲ ಬಿಟ್ಟರೆ ಗೋಡೆ ಅಷ್ಟು ಕುಸಿದೇ ಹೊಸ ಪಾಯದ ಮೇಲೆ ಕೂರುತ್ತದೆ, ಮತ್ತೆ ಬಿರುಕು.

ಲೆಕ್ಕ ಹೀಗಿದೆ: ಕಾಂಕ್ರೀಟ್ ಚೀಲ ಸುಮಾರು 25,800, ಕಾಂಕ್ರೀಟ್ ಇಟ್ಟಿಗೆ 1,14,900, ಸುಟ್ಟ ಇಟ್ಟಿಗೆ 9 ಲಕ್ಷ. 235ರಿಂದ ಭಾಗಿಸಿದರೆ ಗುಂಡಿಯೊಂದಕ್ಕೆ ಸರಾಸರಿ 110 ಚೀಲ, 490 ಕಾಂಕ್ರೀಟ್ ಇಟ್ಟಿಗೆ, 3,800 ಚಿಲ್ಲರೆ ಸುಟ್ಟ ಇಟ್ಟಿಗೆ. ವಾಕರ್ ಒಬ್ಬರೇ ಕೆಥೆಡ್ರಲ್ ಉಳಿಸಿದರು ಎನ್ನುವುದು ಫಲಕಕ್ಕೆ ಚಂದ. ಒಂಬತ್ತು ಲಕ್ಷ ಇಟ್ಟಿಗೆ ಇಟ್ಟವರ ಹೆಸರು ಯಾರೂ ಹೇಳುವುದಿಲ್ಲ. ಆದರೂ ಬೇರೆ ಯಾರಿಂದಲೂ ಆಗದ ಆ ಒಂದು ಭಾಗವನ್ನು ವಾಕರ್ ಮಾಡಿದರು ಎಂಬುದಂತೂ ಸತ್ಯ. 1912ರ ಜುಲೈ 15, ಸಂತ ಸ್ವಿದನ್ ದಿನ, ಕೃತಜ್ಞತೆಯ ಪೂಜೆಗೆ ರಾಜ ಐದನೇ ಜಾರ್ಜ್ ಬಂದಿದ್ದ. ವಾಕರ್ 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡರು.

ಈಗ ಹೋದರೆ ಏನು ಕಾಣುತ್ತದೆ ಎಂದಿರಿ. ಕೆಲಸವೆಲ್ಲ ನೆಲದಡಿ ಇರುವುದರಿಂದ ಅದು ಕಾಣದು, ಕಾರಣ ಮಾತ್ರ ಚೆನ್ನಾಗಿ ಕಾಣುತ್ತದೆ. ಒಳಗೆ ಪೂರ್ವದ ತುದಿಗೆ, ರೆಟ್ರೊಕ್ವಾಯರ್‌ಗೆ ನಡೆಯಿರಿ. ಅಲ್ಲಿ ನಿಂತು ದಕ್ಷಿಣದ ಗೋಡೆ, ಕಂಬ, ಕಮಾನುಗಳನ್ನು ಕಣ್ಣಳತೆಯಲ್ಲಿ ನೋಡಿ. ತೂಗುಗುಂಡು ಬೇಡ, ಅವು ಹೊರಕ್ಕೆ ವಾಲಿರುವುದು ಬರಿಗಣ್ಣಿಗೇ ತಿಳಿಯುತ್ತದೆ. ಫಾಕ್ಸ್ ಗೋಡೆಯನ್ನು ನೆಟ್ಟಗೆ ಮಾಡಲು ಹೋಗಲಿಲ್ಲ, ವಾಲಿದಲ್ಲೇ ನಿಲ್ಲಿಸಿದರು. ಹೊರಗೆ ಬಂದು ದಕ್ಷಿಣ ಬದಿ ನೋಡಿದರೆ ಉದ್ದಕ್ಕೂ ದಪ್ಪ ಬಟ್ರೆಸ್‌ಗಳ, ಅಂದರೆ ಗೋಡೆಗೆ ಒತ್ತು ಕೊಡುವ ಕಲ್ಲಿನ ಆಸರೆಗಳ, ಸಾಲಿದೆ. ಅದೂ ಇದೇ ದುರಸ್ತಿಯ ಕಾಲದ್ದು, ಜಾಕ್ಸನ್ ಹಾಕಿಸಿದ್ದು. ಮಠದ ಕಾಲದಲ್ಲಿ ಆ ಬದಿಗೆ ಒತ್ತಿಕೊಂಡು ಕ್ಲಾಯ್ಸ್ಟರ್, ಅಂದರೆ ಅಂಗಳದ ಸುತ್ತಿನ ಮಾಡಿನ ಮೊಗಸಾಲೆ, ಇತ್ತು. ಹದಿನಾರನೇ ಶತಮಾನದಲ್ಲಿ ಅದನ್ನು ಕೆಡವಿದ ಮೇಲೆ ಗೋಡೆಗೆ ಒರಗಲು ಏನೂ ಇರಲಿಲ್ಲ.

ಪೂರ್ವದ ತುದಿಯಲ್ಲೇ ಡೈವರ್ ಉಡುಪಿನ ಪುಟ್ಟ ಕಂಚಿನ ಮೂರ್ತಿ ಇದೆ. 1964ರಲ್ಲಿ ಅಲ್ಲಿ ಇಟ್ಟ ಮೊದಲ ಮೂರ್ತಿಗೆ ಮುಖ ವಾಕರ್‌ದ್ದಾಗಿರಲಿಲ್ಲ. ಗುಂಪಿನ ಫೋಟೊ ನೋಡಿ ಮಾಡುವಾಗ ತಪ್ಪಿ ಎಂಜಿನಿಯರ್ ಫಾಕ್ಸ್ ಮುಖ ಕೂರಿಸಿದ್ದರು. ಸರಿಯಾದ ಮುಖದ ಮೂರ್ತಿ ಬಂದದ್ದು 2001ರಲ್ಲಿ.

ಫೆಬ್ರವರಿಯಲ್ಲಿ ಹೋಗುತ್ತಿರುವುದು ನಿಮ್ಮ ಅದೃಷ್ಟ ಎನ್ನಬೇಕು. ಚಳಿಗೆ ಹೆದರಿ ಎಲ್ಲರೂ ಬೇಸಿಗೆಯಲ್ಲಿ ಹೋಗುತ್ತಾರೆ. ಕೆಥೆಡ್ರಲ್ ಕೆಳಗಿನ ನೆಲಮಾಳಿಗೆ, ಅಂದರೆ ಕ್ರಿಪ್ಟ್, ವಾಕೆಲಿನ್ ಕಾಲದ್ದು. ಶರತ್ಕಾಲದಲ್ಲಿ ಶುರುವಾದ ಮಳೆ ಸುಣ್ಣದ ಗುಡ್ಡದೊಳಗೆ ಇಳಿದು ಕಣಿವೆಯ ಜಲಮಟ್ಟ ಏರುವುದಕ್ಕೆ ತಿಂಗಳುಗಳೇ ಬೇಕು. ಆದ್ದರಿಂದ ಕ್ರಿಪ್ಟ್‌ಗೆ ನೀರು ತುಂಬುವುದು ಮಳೆ ಬಿದ್ದ ದಿನವಲ್ಲ, ಚಳಿಗಾಲ ಬಲಿತ ಮೇಲೆ. ಕೆಲವು ವರ್ಷ ವಸಂತದವರೆಗೂ ಇರುತ್ತದೆ. ಒಳಗೆ ಆಂಟನಿ ಗಾರ್ಮ್ಲಿ 1986ರಲ್ಲಿ ಮಾಡಿದ ಆಳೆತ್ತರದ ಮನುಷ್ಯನ ಶಿಲ್ಪ ಒಂಟಿಯಾಗಿ ನಿಂತಿದೆ. ಬೊಗಸೆಯಲ್ಲಿ ನೀರು ಹಿಡಿದು ತಲೆ ಬಾಗಿಸಿ ಅದನ್ನೇ ನೋಡುತ್ತಿರುವ ಭಂಗಿ. ಬೇಸಿಗೆಯಲ್ಲಿ ಅದು ಒಣನೆಲದ ಮೇಲೆ ನಿಂತ ಒಂದು ಪ್ರತಿಮೆ, ಅಷ್ಟೇ. ಮೊಣಕಾಲಿಗೆ ನೀರು ಬಂದು, ಕಮಾನುಗಳು ನೀರಿನಲ್ಲಿ ತಲೆಕೆಳಗಾಗಿ ಬಿದ್ದಿರುವಾಗ ನೋಡಬೇಕು. ಮೆಟ್ಟಿಲ ಬುಡದ ಕಟ್ಟೆಯಿಂದಲೇ ನೋಡಿ ಬರಬೇಕು, ಮುಂದೆ ಹೋಗಲಾಗುವುದಿಲ್ಲ. ಪ್ರವಾಹ ಎಂದು ಬೋರ್ಡ್ ಹಾಕಿದ್ದರೆ ನಿರಾಶರಾಗಿ ವಾಪಸ್ ಬರಬೇಡಿ, ನೋಡಬೇಕಾದದ್ದೇ ಅದು. ವಾಕರ್ ಯಾವ ನೀರಿನ ಜೊತೆ ಗುದ್ದಾಡಿದರೋ ಆ ನೀರು ಇದೇ.

ಒಳಗೆ ಎಂಜಿನಿಯರ್ ಕಣ್ಣಿಗೆ ಇನ್ನೆರಡು ಜಾಗ ತೋರಿಸಬೇಕು. ಒಂದು, ನಡುಗೋಪುರದಡಿಯ ಕಂಬಗಳು. ಇಷ್ಟು ಉದ್ದದ ಕಟ್ಟಡಕ್ಕೆ ಗೋಪುರ ಗಿಡ್ಡ, 45 ಮೀಟರ್ ಆಸುಪಾಸು. ಮೊದಲ ಗೋಪುರ 1107ರಲ್ಲಿ ಕುಸಿದುಬಿತ್ತು. ಏಳು ವರ್ಷ ಮುಂಚೆ, 1100ರಲ್ಲಿ, ಬೇಟೆಯಲ್ಲಿ ಬಾಣ ತಗುಲಿ ಸತ್ತ ರಾಜ ಎರಡನೇ ವಿಲಿಯಂನನ್ನು ಅದರಡಿ ಹೂಳಿದ್ದರು. ಅಂಥ ಅಧರ್ಮಿಯನ್ನು ಹೂತದ್ದಕ್ಕೇ ಬಿತ್ತು ಎಂದು ಜನ ಆಡಿಕೊಂಡರು. ಕಟ್ಟಡದ ದೋಷದಿಂದ ಹೇಗೂ ಬೀಳುತ್ತಿತ್ತೇನೋ ಎಂದು ಆ ಕಾಲದ ಒಬ್ಬ ಸನ್ಯಾಸಿ ಬರೆದಿಟ್ಟಿದ್ದಾನೆ, ಅವನ ಮಾತೇ ನಂಬುವಂಥದ್ದು. ಮತ್ತೆ ಕಟ್ಟಿದವರು ಎಷ್ಟು ಹೆದರಿದ್ದರು ಎಂಬುದು ಆ ಕಂಬಗಳ ಗಾತ್ರದಲ್ಲೇ ಗೊತ್ತಾಗುತ್ತದೆ. ಅಕ್ಕಪಕ್ಕದ ಟ್ರಾನ್ಸೆಪ್ಟ್ (ಶಿಲುಬೆಯ ತೋಳಿನಂತೆ ಅಡ್ಡಕ್ಕೆ ಚಾಚಿದ ಭಾಗ) ಗೋಡೆಯಲ್ಲಿ ಕಲ್ಲಿನ ಸಂದುಗಳನ್ನು ಗಮನಿಸಿ. 1107ಕ್ಕೆ ಮುಂಚಿನ ಕೆಲಸದಲ್ಲಿ ಗಾರೆ ದಪ್ಪ, ಸಂದು ಅಗಲ. ಕುಸಿತದ ನಂತರದ್ದರಲ್ಲಿ ಕಲ್ಲು ನೀಟಾಗಿ ಕೆತ್ತಿ ಸಂದು ತೆಳ್ಳಗೆ. ಒಂದು ತಲೆಮಾರಿನೊಳಗೆ ಕಲ್ಲುಕುಟಿಗರ ಕೈ ಎಷ್ಟು ಸುಧಾರಿಸಿತು ಎಂಬುದು ಒಂದೇ ಗೋಡೆಯಲ್ಲಿ ಸಿಗುತ್ತದೆ.

ಎರಡನೆಯದು ನೇವ್, ಅಂದರೆ ಉದ್ದನೆಯ ಪಡಸಾಲೆ. ಟ್ರಾನ್ಸೆಪ್ಟಿನ ದುಂಡು ಕಮಾನು ನೋಡಿ ಇಲ್ಲಿಗೆ ಬಂದರೆ ಬೇರೆಯೇ ಕಟ್ಟಡ ಹೊಕ್ಕಂತಾಗುತ್ತದೆ, ಚೂಪು ಕಮಾನು, ಗಗನಕ್ಕೇರುವ ಗೆರೆಗಳು. ಆದರೆ ಒಳಗಿನ ತಿರುಳು ಅದೇ ಹಳೆಯ ನಾರ್ಮನ್ ಕಂಬ. ಹದಿನಾಲ್ಕನೇ ಶತಮಾನದ ಕೊನೆಗೆ ಬಿಷಪ್ ವಿಲಿಯಂ ಆಫ್ ವಿಕಮ್‌ಗಾಗಿ ಮೇಸ್ತ್ರಿ ವಿಲಿಯಂ ವಿನ್‌ಫರ್ಡ್ ಕೆಡವಿ ಕಟ್ಟುವ ಬದಲು ಇದ್ದುದನ್ನೇ ಕೆತ್ತಿ, ಹೊದಿಸಿ, ಮೂರಂತಸ್ತಿನ ಗೋಡೆಯನ್ನು ಎರಡಂತಸ್ತಾಗಿ ಕಾಣುವಂತೆ ಮಾಡಿದ. ಖರ್ಚು ಉಳಿಯಿತು. ಆ ಮಣ್ಣಿನ ಮೇಲೆ ಹೊಸ ಪಾಯ ಹಾಕುವ ಗೋಜೂ ತಪ್ಪಿತು.

ಪೀಠದ ಅಕ್ಕಪಕ್ಕ ಎತ್ತರದಲ್ಲಿ ಇಟ್ಟಿರುವ ಬಣ್ಣದ ಮರದ ಪೆಟ್ಟಿಗೆಗಳಲ್ಲಿ ಸ್ಯಾಕ್ಸನ್ ರಾಜರ, ಬಿಷಪ್‌ಗಳ ಎಲುಬುಗಳಿವೆ. 1642ರಲ್ಲಿ, ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ, ಪಾರ್ಲಿಮೆಂಟ್ ಪಕ್ಷದ ಸೈನಿಕರು ನುಗ್ಗಿ ಅವನ್ನು ಚೆಲ್ಲಾಡಿದರು. ಆಮೇಲೆ ಯಾರದ್ದು ಯಾವುದು ಎಂದು ತಿಳಿಯದೆ ಕಲಸಿ ತುಂಬಿದರು. 1,300ಕ್ಕೂ ಹೆಚ್ಚು ಎಲುಬುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಅವು ಕಡಿಮೆಯೆಂದರೂ 23 ಜನರವು ಎಂದು 2019ರಲ್ಲಿ ತಿಳಿಸಿದರು. ಅವರಲ್ಲಿ ಒಬ್ಬ ಹೆಂಗಸು ಇಬ್ಬರು ರಾಜರನ್ನು ಮದುವೆಯಾಗಿದ್ದ ರಾಣಿ ಎಮ್ಮಾ ಇರಬಹುದು. ಅದೇ ದಾಳಿಯಲ್ಲಿ ಪಶ್ಚಿಮದ ದೊಡ್ಡ ಕಿಟಕಿಯೂ ಒಡೆಯಿತು. ನಂತರ ಚೂರುಗಳನ್ನು ಆಯ್ದು ಸಿಕ್ಕಂತೆ ಜೋಡಿಸಿದ್ದಾರೆ. ಚಿತ್ರ ಏನೆಂದು ಹುಡುಕುತ್ತಾ ಕತ್ತು ನೋಯಿಸಿಕೊಳ್ಳಬೇಡಿ, ಚಿತ್ರವೇ ಇಲ್ಲ. ಉತ್ತರದ ಪಡಸಾಲೆಯಲ್ಲಿ 1817ರಲ್ಲಿ ತೀರಿಕೊಂಡ ಕಾದಂಬರಿಕಾರ್ತಿ ಜೇನ್ ಆಸ್ಟಿನ್ ಸಮಾಧಿ ಇದೆ. ಕಲ್ಲಿನ ಮೇಲೆ ಆಕೆಯ ಗುಣಗಾನವಿದೆ, ಕಾದಂಬರಿ ಬರೆದವಳು ಎಂಬ ಒಂದು ಮಾತಿಲ್ಲ.

ಹೊರಗೆ ಉತ್ತರದ ಹುಲ್ಲಿನ ಮೇಲೆ ಇಟ್ಟಿಗೆಯ ಗೆರೆಗಳಿವೆ. ಹೆಚ್ಚಿನವರು ಕಾಲುಹಾದಿ ಎಂದುಕೊಂಡು ತುಳಿದು ಹೋಗುತ್ತಾರೆ. 1960ರ ದಶಕದಲ್ಲಿ ಮಾರ್ಟಿನ್ ಬಿಡ್ಲ್ ನೇತೃತ್ವದಲ್ಲಿ ಉತ್ಖನನ ನಡೆದು ಸಿಕ್ಕಿದ ಓಲ್ಡ್ ಮಿನ್‌ಸ್ಟರ್‌ನ ನಕ್ಷೆ ಅದು. ಅದರಲ್ಲೇ ಸ್ವಿದನ್‌ನ ಮೊದಲ ಸಮಾಧಿಯ ಗುರುತೂ ಇದೆ. ಸೂರಿನ ನೀರು ತನ್ನ ಮೇಲೆ ಬೀಳುವಂತೆ ಹೊರಗೇ ಹೂಳಿ ಎಂದು ಕೇಳಿಕೊಂಡಿದ್ದನಂತೆ. 971ರ ಜುಲೈ 15ರಂದು ಅವನನ್ನು ಒಳಗೆ ತಂದರು. ಆ ದಿನ ಮಳೆ ಬಂದರೆ ನಲವತ್ತು ದಿನ ಬಿಡುವುದಿಲ್ಲ ಎಂಬ ಮಾತು ಇಂಗ್ಲೆಂಡಿನಲ್ಲಿ ಈಗಲೂ ಚಾಲ್ತಿಯಲ್ಲಿದೆ.

ಕೆಥೆಡ್ರಲ್ ಬಿಟ್ಟರೆ ನೋಡಲೇಬೇಕಾದದ್ದು ಊರಿನ ನಕ್ಷೆಯೇ. ವಿಂಚೆಸ್ಟರ್ ರೋಮನ್ನರ ಕಾಲದಲ್ಲಿ ವೆಂಟಾ ಬೆಲ್ಗರಂ, 58 ಹೆಕ್ಟೇರ್‌ನ ಕೋಟೆ ಊರು. ನದಿಯನ್ನು ಪಕ್ಕಕ್ಕೆ ತಿರುಗಿಸಿ ಆ ಜೌಗಿನಲ್ಲಿ ಮೊದಲು ಊರು ಕಟ್ಟಿದವರೇ ಅವರು. ಅವರು ಹೋದ ಮೇಲೆ ಬೀದಿಗಳೆಲ್ಲ ಅಳಿಸಿಹೋದವು. ಈಗ ನೀವು ನಡೆಯುವ ಬೀದಿಗಳನ್ನು ಎಳೆದದ್ದು ಒಂಬತ್ತನೇ ಶತಮಾನದ ಕೊನೆಗೆ, ವೈಕಿಂಗ್ ದಾಳಿ ತಡೆಯಲು ರಾಜ ಆಲ್ಫ್ರೆಡ್ ಕಾಲದಲ್ಲಿ. ಮೇಲಿನ ಬಾಗಿಲಿನಿಂದ ಕೆಳಗಿನ ಬಾಗಿಲಿಗೆ ಒಂದು ಹೆಬ್ಬೀದಿ, ಅದಕ್ಕೆ ಸಮನಾಗಿ ಹಿಂಬೀದಿಗಳು, ಲಂಬವಾಗಿ ಅಡ್ಡರಸ್ತೆಗಳು, ಗೋಡೆಯ ಒಳಮಗ್ಗುಲಿಗೆ ಸೈನಿಕರು ಓಡಾಡುವ ಸುತ್ತುರಸ್ತೆ.

ಇದಕ್ಕೊಂದು ಲೆಕ್ಕಪತ್ರವೂ ಉಳಿದಿದೆ. ಆ ಕಾಲದ ಕೋಟೆ ಊರುಗಳ ಪಟ್ಟಿಯಲ್ಲಿ ವಿಂಚೆಸ್ಟರ್‌ಗೆ 2,400 ಹೈಡ್ ಭೂಮಿ ಹಚ್ಚಿದ್ದಾರೆ. ಹೈಡ್ ಅಂದರೆ ತೆರಿಗೆಗೆ ಹಿಡಿದ ಒಂದು ಹಿಡುವಳಿ. ಒಂದು ಹೈಡ್‌ನಿಂದ ಒಬ್ಬ ಆಳು ಬರಬೇಕು. ಐದೂವರೆ ಗಜ ಗೋಡೆ ಕಾಯಲು ನಾಲ್ವರು. 2,400 ಆಳುಗಳನ್ನು ನಾಲ್ಕರಿಂದ ಭಾಗಿಸಿ ಐದೂವರೆಯಿಂದ ಗುಣಿಸಿದರೆ 3,300 ಗಜ, ಮೂರು ಕಿಲೋಮೀಟರ್‌ಗಿಂತ ಕೊಂಚ ಹೆಚ್ಚು. ಪುರಾತತ್ತ್ವದವರು ರೋಮನ್ ಗೋಡೆಯ ಸುತ್ತಳತೆ ತೆಗೆದಾಗ ಬಂದದ್ದು 3,318 ಗಜ. ಸುಮಾರು ಸಾವಿರದ ನೂರು ವರ್ಷ ಹಿಂದಿನ ಎಸ್ಟಿಮೇಟ್, ಅಂತರ ಶೇಕಡ ಒಂದೂ ಇಲ್ಲ.

ಒಂದು ದಿನದ ದಾರಿ ಹೀಗಿಟ್ಟುಕೊಳ್ಳಿ. ರೈಲು ನಿಲ್ದಾಣ ಊರಿನ ಎತ್ತರದಲ್ಲಿದೆ, ಅಲ್ಲಿಂದ ಎಲ್ಲವೂ ಇಳಿಜಾರು. ಮೊದಲು ಸಿಗುವುದು ಕೋಟೆಯಲ್ಲಿ ಉಳಿದಿರುವ ಗ್ರೇಟ್ ಹಾಲ್. ಮೂರನೇ ಹೆನ್ರಿ 1222ರಿಂದ 1235ರೊಳಗೆ ಕಟ್ಟಿಸಿದ್ದು. ಉದ್ದ 111 ಅಡಿ, ಅಗಲ ಮತ್ತು ಎತ್ತರ 55 ಅಡಿ, ಎರಡು ಘನಗಳನ್ನು ಜೋಡಿಸಿಟ್ಟ ಹಾಗೆ. ಗೋಡೆ ಮೇಲೆ ತೂಗುಹಾಕಿರುವ ದುಂಡುಮೇಜನ್ನು ದಂತಕಥೆಯ ಆರ್ಥರ್ ರಾಜನದ್ದು ಎಂದು ಅಂಗಡಿಯವರು ಮಾರುತ್ತಾರೆ. ಐದೂವರೆ ಮೀಟರ್ ವ್ಯಾಸ, 1,200 ಕಿಲೋ ಓಕ್ ಮರ. ಮರದ ವರ್ಷದ ಉಂಗುರ ಎಣಿಸಿ, ಇಂಗಾಲದ ಪರೀಕ್ಷೆ ಮಾಡಿದ ಮೇಲೆ ಅದು ಸುಮಾರು 1290ರದ್ದು, ಒಂದನೇ ಎಡ್ವರ್ಡ್ ಕಾಲದ್ದು ಎಂದು ಗೊತ್ತಾಗಿದೆ. ಬಣ್ಣ ಬಳಿಸಿದ್ದು ಎಂಟನೇ ಹೆನ್ರಿ. ಮೇಜಿನ ಮೇಲೆ ಬರೆದ ಚಿತ್ರದಲ್ಲಿ ಕೂತಿರುವ ಆರ್ಥರ್‌ನ ಮುಖ ಹೆನ್ರಿಯದ್ದೇ ಹೋಲುತ್ತದೆ.

ಪಕ್ಕದ ವೆಸ್ಟ್‌ಗೇಟ್ ಮೇಲೆ ಪುಟ್ಟ ವಸ್ತುಸಂಗ್ರಹಾಲಯವಿದೆ. ಹಳೆಯ ತೂಕ, ಅಳತೆಗಳಲ್ಲಿ ಆಸಕ್ತಿ ಇದ್ದರೆ ಅರ್ಧ ಗಂಟೆ ಕೊಡಿ. ನಮ್ಮ ಕೊಳಗದ ಹಾಗೆ ಕಾಳು ಅಳೆಯುವ ವಿಂಚೆಸ್ಟರ್ ಬುಷೆಲ್ ಎಂಬ ಪಾತ್ರೆ ಈ ಊರಿನ ಹೆಸರು ಹೊತ್ತಿದೆ. ಹದಿನೆಂಟೂವರೆ ಇಂಚು ಅಗಲ, ಎಂಟು ಇಂಚು ಆಳ, 35.24 ಲೀಟರ್. ಬ್ರಿಟನ್ ಅದನ್ನು ಕೈಬಿಟ್ಟು ಎರಡು ಶತಮಾನವಾಗುತ್ತಾ ಬಂತು. ಅಮೆರಿಕದಲ್ಲಿ ಜೋಳ, ಗೋಧಿಗೆ ಈಗಲೂ ಅದೇ ಬುಷೆಲ್.

ಹೆಬ್ಬೀದಿ ಇಳಿದು ಕೆಥೆಡ್ರಲ್‌ಗೆ ಎರಡು ಗಂಟೆಯಾದರೂ ಇಡಿ. ಭಾನುವಾರ ಬೆಳಿಗ್ಗೆ ಪೂಜೆ ಇರುವುದರಿಂದ ಆ ಹೊತ್ತು ತಪ್ಪಿಸಿ. ಸಂಜೆಯ ಹಾಡಿನ ಪ್ರಾರ್ಥನೆಗೆ ಟಿಕೆಟ್ ಇಲ್ಲ, ಯಾರು ಬೇಕಾದರೂ ಕೂರಬಹುದು, ಕಂಬಗಳ ನಡುವೆ ದನಿ ಹೇಗೆ ಹಬ್ಬುತ್ತದೆ ಎಂದು ಕೇಳುವುದಕ್ಕಾದರೂ ಕೂರಿ. ದಕ್ಷಿಣದ ಆವರಣದಲ್ಲಿ ಪಿಲ್‌ಗ್ರಿಮ್ಸ್ ಹಾಲ್ ಬಾಗಿಲು ತೆರೆದಿದ್ದರೆ ತಲೆಯೆತ್ತಿ ನೋಡಿ. ಅದರ ಹ್ಯಾಮರ್‌ಬೀಮ್ (ಗೋಡೆಯಿಂದ ಒಳಚಾಚಿದ ತುಂಡುತೊಲೆಗಳ ಮೇಲೆ ನಿಂತ) ಮಾಡಿನ ಮರ ಕಡಿದದ್ದು 1310ರ ಸುಮಾರಿಗೆ, ಆ ಬಗೆಯ ಮಾಡುಗಳಲ್ಲಿ ಉಳಿದಿರುವ ತೀರಾ ಹಳೆಯವುಗಳಲ್ಲಿ ಒಂದು. ಅಲ್ಲಿಂದ ಕಿಂಗ್ಸ್‌ಗೇಟ್ ದಾಟಿ, 1382ರಲ್ಲಿ ವಿಕಮ್ ಸ್ಥಾಪಿಸಿದ ಶಾಲೆ ಬಳಸಿಕೊಂಡು ನದಿ ಸೇರಬಹುದು. ನೀರಹುಲ್ಲುಗಾವಲಿನ ಹಾದಿಯಲ್ಲಿ ಒಂದೂವರೆ ಕಿಲೋಮೀಟರ್ ನಡೆದರೆ ಸೇಂಟ್ ಕ್ರಾಸ್ ಧರ್ಮಛತ್ರ. 1130ರ ದಶಕದಲ್ಲಿ ಬಿಷಪ್ ಹೆನ್ರಿ ಆಫ್ ಬ್ಲ್ವಾ ಹದಿಮೂರು ಬಡವರಿಗಾಗಿ ಕಟ್ಟಿಸಿದ್ದು. ದಾರಿಹೋಕರು ಬಾಯಿಬಿಟ್ಟು ಕೇಳಿದರೆ ಈಗಲೂ ಕೊಂಬಿನ ಪುಟ್ಟ ಲೋಟದಲ್ಲಿ ಬಿಯರ್, ಒಂದು ತುಣುಕು ಬ್ರೆಡ್ ಕೊಡುತ್ತಾರೆ. ಆದರೆ ಫೆಬ್ರವರಿಯಲ್ಲಿ ಆ ಹಾದಿ ಕೆಸರು, ಕೆಲವೊಮ್ಮೆ ನೀರಿನಡಿ. ಹಿಡಿತವಿರುವ ಬೂಟು ಇಲ್ಲದಿದ್ದರೆ ರಸ್ತೆಯ ಮೇಲೇ ಹೋಗಿ. ಐದೂವರೆ, ಆರಕ್ಕೆಲ್ಲ ಕತ್ತಲಾಗುತ್ತದೆ.

ಸಮಯ ಉಳಿದರೆ ಹೆಬ್ಬೀದಿಯ ಕೆಳತುದಿಗೆ ಬನ್ನಿ. ಕತ್ತಿ ಎತ್ತಿ ನಿಂತ ಆಲ್ಫ್ರೆಡ್ ಕಂಚಿನ ಪ್ರತಿಮೆ ಅಲ್ಲಿದೆ. ಸತ್ತು ಸಾವಿರ ವರ್ಷವಾಯಿತೆಂದು 1901ರಲ್ಲಿ ನಿಲ್ಲಿಸಿದ್ದು. ಅವನು ಸತ್ತದ್ದು 899ರಲ್ಲಿ ಎಂಬುದು ಈಗ ಸ್ಥಿರವಾಗಿದೆ, ಉತ್ಸವ ಎರಡು ವರ್ಷ ತಡವಾಗಿತ್ತು. ಅದರಾಚೆ ಸೇತುವೆ ಪಕ್ಕದ ಹಳೆಯ ಹಿಟ್ಟಿನ ಗಿರಣಿಯಡಿ ಇಚಿನ್ ರಭಸದಿಂದ ನುಗ್ಗುತ್ತದೆ. 2014ರ ಫೆಬ್ರವರಿಯಲ್ಲಿ ಈ ಹೊಳೆ ಊರೊಳಗೆ ನುಗ್ಗುವ ಅಂದಾಜು ಬಂದಾಗ, ಮೇಲ್ಬದಿಯ ಈಸ್ಟನ್ ಬಳಿ ಒಂದೊಂದು ಟನ್ ತೂಕದ ಜಲ್ಲಿಚೀಲಗಳನ್ನು ಹೊಳೆಗೆ ಇಳಿಸಿ ನೀರನ್ನು ಅಲ್ಲಿನ ಹೊಲಗಳಲ್ಲೇ ತಡೆದು ಮೆಲ್ಲಗೆ ಬಿಟ್ಟರು. ಗಿರಣಿಯ ಒಳಗಿನಿಂದ ಕೆಳಗಿನ ನೀರಗಂಡಿ ನೋಡಬಹುದು. ಅಲ್ಲಿಂದ ನಿಲ್ದಾಣಕ್ಕೆ ಏರುದಾರಿ, ಕಾಲು ಸೋತಿದ್ದರೆ ಇಪ್ಪತ್ತೈದು ನಿಮಿಷ ಲೆಕ್ಕ ಹಾಕಿಕೊಳ್ಳಿ.